ಗಂಟಲು ಎತ್ತುತ್ತಿದ್ದ ಆಯಿ

ಆಕೆಯ ಬಲಗೈ ಹೆಬ್ಬೆರಳಿನ ಮೇಲೆ ಊರ ಮಕ್ಕಳ ಹಲ್ಲಿನ ಗುರುತುಗಳಿದ್ದವು. ಗೆಣ್ಣಿನ ಮೇಲೆ ಬಾಗಿದ ಒಂದು ಹಳೆಯ ಕಲೆ, ಅದರ ಕೆಳಗೆ ಎರಡು ಚುಕ್ಕೆ, ಉಗುರಿನ ಪಕ್ಕಕ್ಕೆ ಒಂದು ಸೀಳು. ಉಗುರನ್ನು ಬುಡಮಟ್ಟ ಕತ್ತರಿಸಿ, ಬಾವಿಕಟ್ಟೆಯ ಕಲ್ಲಿಗೆ ತಿಕ್ಕಿ ನುಣುಪು ಮಾಡಿಟ್ಟಿರುತ್ತಿದ್ದಳು. ಉಳಿದ ಒಂಬತ್ತು ಬೆರಳುಗಳು ದುಡಿದ ಹೆಂಗಸಿನ ಬೆರಳುಗಳಂತೆ ಒರಟಾಗಿದ್ದವು. ಈ ಒಂದು ಮಾತ್ರ ಅರಿಷಿಣ ಕುಡಿದು ಕುಡಿದು ಹಳದಿಯಾಗಿತ್ತು. ಆ ಗುರುತುಗಳಲ್ಲಿ ಒಂದು ನನ್ನದು. ‘ಇದ ನಿಂದ ನೋಡ, ನಾಯಿ ಹಲ್ಲಿನಾಕಿ’ ಎಂದು ಉಗುರಿನ ಪಕ್ಕದ ಸೀಳನ್ನು ತೋರಿಸಿ ನಗುತ್ತಿದ್ದಳು.

ಐನಾಪುರದಲ್ಲಿ ಎಲ್ಲರೂ ಆಕೆಯನ್ನು ‘ಗಂಟಲದ ಆಯಿ’, ಅಂದರೆ ಗಂಟಲಿನ ಅಜ್ಜಿ, ಎನ್ನುತ್ತಿದ್ದರು. ಎದುರಿಗೆ ಸಿಕ್ಕಾಗ ನಾವು ‘ಆಯೀರ’ ಎಂದೇ ಮಾತಾಡಿಸಬೇಕು. ಈಗ ಒಬ್ಬಳೇ ಕೂತು ಬರೆಯುವಾಗ ‘ಆಕೆ’ ಎನ್ನುವ ಸಲಿಗೆ ತೆಗೆದುಕೊಂಡಿದ್ದೇನೆ. ಬದುಕಿದ್ದಾಗ ತೆಗೆದುಕೊಳ್ಳಬಾರದ ಸಲಿಗೆಯನ್ನು ಒಮ್ಮೆ ತೆಗೆದುಕೊಂಡಿದ್ದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಆಯಿಯದು ಕಬ್ಬು, ದ್ರಾಕ್ಷಿಯ ಹೊಲಗಳಿದ್ದ ದೊಡ್ಡ ಮನೆತನ. ನಮ್ಮದು ಊರ ಅಂಚಿನ ಓಣಿ, ಅಜ್ಜನ ಕಾಲಕ್ಕೆ ಬೌದ್ಧರಾದ ಮನೆ. ಅಪ್ಪ ರಾಯಬಾಗದ ಒಂದು ಕಚೇರಿಯಲ್ಲಿ ಸಿಪಾಯಿ. ಶನಿವಾರ ಬಂದು ಸೋಮವಾರ ಹೋಗುವವನು. ಅವ್ವ ಆಯಿಯ ಮನೆಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ಸುನಂದಾ, ಇಬ್ಬರೂ ಶಾಲೆಯಿಲ್ಲದ ದಿನ ಅವ್ವನ ಹಿಂದೆ. ಆಯಿಯ ಮನೆಯಲ್ಲಿ ನಮಗೆ ಚಹಾ ಕೊಡುವ ಕಪ್ಪು ಬೇರೆ. ಅದು ಅಂಗಳದ ಗೋಡೆಯ ಗೂಡಿನಲ್ಲಿರುತ್ತಿತ್ತು. ಕುಡಿದು, ನಾವೇ ತೊಳೆದು, ಅಲ್ಲೇ ಇಡಬೇಕು. ಆದರೆ ಆಯಿಯ ಹೆಬ್ಬೆರಳು, ನಮ್ಮೂರ ಮಾತಲ್ಲಿ ‘ಬಟ್ಟ’, ಎಲ್ಲರಿಗೂ ಒಂದೇ. ಮೊಮ್ಮಕ್ಕಳ ಬಾಯಿಗೆ ಹಾಕಿದ ಬೆರಳನ್ನೇ ಆಕೆ ನಮ್ಮ ಬಾಯಿಗೂ ಹಾಕುತ್ತಿದ್ದಳು. ಇದಕ್ಕೆ ಸೊಸೆ ಗೊಣಗಿದರೆ, ‘ಗಂಟಲ ಎಲ್ಲಾರ್ದೂ ಕೆಂಪನ ಇರತೈತಿ, ಒಳಗ ಬಗ್ಗಿ ನೋಡೀಯೇನ’ ಎನ್ನುತ್ತಿದ್ದಳು.

ಗಂಟಲು ಎತ್ತುವುದೆಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಮಗುವಿಗೆ ಜ್ವರ, ಉಗುಳು ನುಂಗಲು ಆಗುವುದಿಲ್ಲ, ಕಿವಿಯವರೆಗೂ ನೋವು. ‘ಕಿರುನಾಲಿಗಿ ಬಿದ್ದೈತಿ, ಗಂಟಲ ಇಳಿಬಿದ್ದೈತಿ’ ಎನ್ನುತ್ತಿದ್ದರು. ಆಯಿ ಬೆಳಗಿನ ಬಿಸಿಲಿಗೆ ಮುಖಮಾಡಿ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಮಗುವಿನ ತಲೆ ಆಕೆಯ ಎರಡು ಮೊಳಕಾಲ ನಡುವೆ. ಎಡಗೈಯಲ್ಲಿ ನೆತ್ತಿಯ ಕೂದಲು ಹಿಡಿದು ಮೇಲಕ್ಕೆ ಜಗ್ಗುವಳು. ಬಲಗೈ ಹೆಬ್ಬೆರಳನ್ನು ಉಪ್ಪು, ಮೆಣಸು, ಅರಿಷಿಣದ ಪುಡಿಯಲ್ಲಿ ಅದ್ದಿ ಗಂಟಲೊಳಗೆ ಹಾಕಿ, ಎಡಕ್ಕೊಂದು ಸಲ, ಬಲಕ್ಕೊಂದು ಸಲ ಒತ್ತಿ ಎತ್ತುವಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ವಾಂತಿ. ಎಳೆ ರಕ್ತವೂ ಬರುತ್ತಿತ್ತು. ಆಮೇಲೆ ಜಾಲಿ ತೊಗಟೆಯ ಕಷಾಯದಿಂದ ಬಾಯಿ ಮುಕ್ಕಳಿಸಬೇಕು. ಹೊರಗಿನ ಕುತ್ತಿಗೆಗೆ ಅರಿಷಿಣ, ಸುಣ್ಣ ಕಲಸಿ ಹಚ್ಚುವಳು. ಹಳದಿ ಅರಿಷಿಣ ಬಿಳಿ ಸುಣ್ಣಕ್ಕೆ ತಗಲಿದೊಡನೆ ಕೆಂಪಗಾಗುವುದನ್ನು ನೋಡುತ್ತ ನಾವು ಅಳು ಮರೆಯುತ್ತಿದ್ದೆವು. ಕೊನೆಗೆ ಕೆನ್ನೆಯೊಳಗೆ ಇಟ್ಟುಕೊಳ್ಳಲು ಜ್ಯೇಷ್ಠಮಧುವಿನ ಒಂದು ಚೂರು, ಸೆರಗಿನ ಗಂಟಿನಿಂದ ನಾಲ್ಕು ಒಣದ್ರಾಕ್ಷಿ.

‘ಎತ್ತಿದ್ರ ಇಳೀತೈತಿ’ ಎನ್ನುವುದು ಆಕೆಯ ಮಾತು. ಗಂಟಲು ಎತ್ತಿದರೆ ಬೇನೆ ಇಳಿಯುತ್ತದೆ. ಮೂರು ದಿನ ಬಿಟ್ಟು ತಾಯಂದಿರು ಬಂದು, ‘ಇಳೀತ್ರಿ ಆಯೀರ’ ಎಂದರೆ ಆಕೆಯ ಮುಖ ನೋಡಬೇಕು. ಕೈಯೊಡ್ಡಿ ಏನನ್ನೂ ತೆಗೆದುಕೊಂಡವಳಲ್ಲ. ಆ ಒಂದು ಮಾತಿಗಾಗಿ ಕಾಯುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಆಕೆಯ ಮೊದಲ ಮಗ ಗಂಟಲಮಾರಿಯಿಂದ ಸತ್ತಿದ್ದ, ನಾಲ್ಕು ವರ್ಷದವನು. ಉಸಿರು ಸಿಕ್ಕದೆ ತೊಡೆಯ ಮೇಲೆಯೇ ಹೋದನಂತೆ. ಆಮೇಲೆ ತವರಾದ ಸತ್ತಿ ಎಂಬ ಊರಿಗೆ ಹೋಗಿ, ಅಲ್ಲಿ ಗಂಟಲು ಎತ್ತುತ್ತಿದ್ದ ಒಬ್ಬ ಮುದುಕಿಯ ಕಾಲ ಬಳಿ ಕೂತು ಇದನ್ನು ಕಲಿತು ಬಂದಿದ್ದಳು. ಈ ಕಥೆಯನ್ನು ಆಕೆ ತಾನಾಗಿ ಹೇಳಿದ್ದು ನನಗೊಬ್ಬಳಿಗೇ. ಒಂದು ದಿನ ತೋಟದಲ್ಲಿ ದ್ರಾಕ್ಷಿ ಗೊಂಚಲು ಬಿಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು. ಹೇಳಿ, ‘ಯಾರ ಮುಂದೂ ಅನಬ್ಯಾಡ’ ಎಂದಳು. ನಾನು ಅನ್ನಲಿಲ್ಲ. ಕೂಡಿಟ್ಟುಕೊಂಡೆ, ಅಷ್ಟೇ.

ಸುನಂದಾಳಿಗೆ ಗಂಟಲು ಬೇನೆ ಬರಲು ಶುರುವಾದದ್ದು ಒಂಬತ್ತನೆಯ ವರ್ಷಕ್ಕೆ. ವರ್ಷಕ್ಕೆ ಮೂರು ಸಲ, ನಾಲ್ಕು ಸಲ. ಪ್ರತಿ ಸಲವೂ ಅವ್ವ ಆಯಿಯ ಹೊಸ್ತಿಲಿಗೆ ಕರೆದೊಯ್ದಳು. ಪ್ರತಿ ಸಲವೂ ಇಳಿಯಿತು. ಆ ಬೇನೆ ಎತ್ತಿದರೂ ನಾಲ್ಕು ದಿನಕ್ಕೆ ಇಳಿಯುತ್ತದೆ, ಎತ್ತದಿದ್ದರೂ ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದು ನಮಗೆ ಯಾರು ಹೇಳಬೇಕಿತ್ತು? ಅಪ್ಪ ಒಮ್ಮೆ, ‘ದವಾಖಾನೀಗಿ ತೋರಸಬಾರದೇನ’ ಎಂದ. ಅವ್ವ ಸಿಟ್ಟಿಗೆದ್ದಳು.

‘ದೊಡ್ಡ ಮನೀ ಆಯೀರು ನಮ್ಮ ಹುಡುಗೀ ಬಾಯಾಗ ತಮ್ಮ ಬಟ್ಟ ಹಾಕ್ಯಾರ. ಯಾರ್ ಹಾಕ್ತಾರ ಹೇಳ್ರಿ ಈ ಊರಾಗ? ಅದರ ಮ್ಯಾಲ ಡಾಕ್ಟರ್ ಕಡೆ ಹ್ವಾದ್ರ ಆಯೀರಿಗಿ ಏನ್ ಅನಸಬೇಕ?’

ದವಾಖಾನೆಯ ಮಾತು ಅಲ್ಲಿಗೇ ಮುಗಿಯಿತು. ಇದು ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಕಪ್ಪನ್ನು ಮುಟ್ಟದ ಮನೆ ನಮ್ಮ ಎಂಜಲನ್ನು ಬೆರಳಿಗೆ ಹಚ್ಚಿಕೊಂಡಿತ್ತು. ಆ ಬೆರಳಿನ ಮೇಲೆ ಅನುಮಾನಪಡುವುದು ಅವ್ವನಿಗೆ ದ್ರೋಹವಾಗಿ ಕಂಡಿತು. ದೊಡ್ಡ ಮನೆಯವರೇ ತಮ್ಮ ಮಕ್ಕಳಿಗೆ ಗಂಟಲು ಎತ್ತಿಸಿದ ಮೇಲೂ ಅಥಣಿಗೆ ಹೋಗಿ ಗುಳಿಗೆ ತರುತ್ತಿದ್ದರು. ಅದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಹನ್ನೆರಡನೆಯ ವರ್ಷ ಸುನಂದಾಳ ಮೊಳಕಾಲು ಬಾತವು. ಆಯಿ ಎಕ್ಕೆ ಎಲೆಗೆ ಎಣ್ಣೆ ಸವರಿ, ಕಾಯಿಸಿ ಕಟ್ಟಿದಳು. ಮೊಳಕಾಲು ಇಳಿಯಿತು, ಹಿಮ್ಮಡಿ ಬಾತಿತು. ಹಿಮ್ಮಡಿ ಇಳಿಯಿತು, ಮುಂಗೈ ಬಾತಿತು. ‘ಚಳಿ ಹೊಂಟೈತಿ, ಮೈಯಿಂದ ಹೊರಗ ಹೊಂಟೈತಿ’ ಎಂದು ಆಯಿ ಸಮಾಧಾನ ಹೇಳಿದಳು. ಆಕೆ ಅದನ್ನು ನಂಬಿದ್ದಳು. ಸುಳ್ಳು ಹೇಳುವ ಹೆಂಗಸಲ್ಲ. ಆಮೇಲೆ ಒಂದು ದಿನ ಶಾಲೆಯ ಐದು ಮೆಟ್ಟಿಲು ಹತ್ತಿದವಳೇ ತಂಗಿ ಗೋಡೆ ಹಿಡಿದು ನಿಂತಳು. ‘ಅಕ್ಕಾ, ನನ್ನ ಎದಿಯಾಗ ಯಾರೋ ಓಡಾಕತ್ತಾರ’ ಎಂದಳು. ಕೈ ಇಟ್ಟು ನೋಡಿದೆ. ನಿಜವಾಗಿಯೂ ಯಾರೋ ಓಡುತ್ತಿದ್ದರು.

ಅಪ್ಪ ರಜೆ ಹಾಕಿ ಮಿರಜಕ್ಕೆ ಕರೆದೊಯ್ದ. ಅವ್ವನೂ ನಾನೂ ಹೋದೆವು. ಅಲ್ಲಿನ ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಮರಾಠಿಯಲ್ಲಿ, ‘ಘಸಾ ದುಖಾಯಚಾ ಕಾ?’ ಎಂದರು. ಗಂಟಲು ನೋಯುತ್ತಿತ್ತೇ ಎಂದು. ಎದೆ ತೋರಿಸಲು ಬಂದವರಿಗೆ ಗಂಟಲು ಯಾಕೆ ಕೇಳುತ್ತಾರೆಂದು ಅವ್ವನಿಗೆ ತಿಳಿಯಲಿಲ್ಲ.

‘ನೋಯತಿತ್ರಿ. ಆದ್ರ ಪ್ರತಿಸಲ ಇಳೀತಿತ್ರಿ’ ಎಂದಳು.

ಡಾಕ್ಟರಿಗೆ ನಮ್ಮ ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು. ‘ಇಳೀತು’ ಎಂಬ ಮಾತನ್ನು ಎರಡು ಸಲ ತಮ್ಮಲ್ಲೇ ಅಂದುಕೊಂಡರು.

‘ಇಳೀತು ಅಂದ್ರ? ಎಲ್ಲಿಗಿ ಇಳೀತು, ತಾಯಿ? ಕೇಳಿದ್ರೇನು ಯಾರರ?’

ಡಾಕ್ಟರು ತಮ್ಮ ಗಂಟಲನ್ನು ಮುಟ್ಟಿ ತೋರಿಸಿದರು, ಬಗ್ಗಿ ಮೊಳಕಾಲು ಮುಟ್ಟಿದರು, ಆಮೇಲೆ ಸುನಂದಾಳ ಎದೆಯ ಎಡಕ್ಕೆ ಬೆರಳಿಟ್ಟರು. ‘ಇಲ್ಲಿಗಿ ಇಳೀತು’ ಎಂದರು. ಎದೆಯ ಬಾಗಿಲೊಂದು ಸರಿಯಾಗಿ ಮುಚ್ಚುತ್ತಿಲ್ಲ, ಕೆಟ್ಟದ್ದು ಇನ್ನು ಪೂರ್ತಿ ಸರಿಹೋಗುವುದಿಲ್ಲ, ಇನ್ನಷ್ಟು ಕೆಡದಂತೆ ಇಪ್ಪತ್ತೊಂದು ದಿನಕ್ಕೊಂದು ಸೂಜಿ, ಒಂದು ದಿನವೂ ತಪ್ಪಬಾರದು. ಗಂಟಲು ಬೇನೆಗೆ ಮೊದಲ ಸಲವೇ ಪೂರ್ತಿ ಗುಳಿಗೆ ತಿಂದಿದ್ದರೆ ಇದು ಬರುತ್ತಿರಲಿಲ್ಲ ಎಂದೂ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಅವರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬಹುದಿತ್ತು.

ಬಸ್ಸಿನಲ್ಲಿ ಊರಿಗೆ ಬಂದು ಇಳಿದರೆ ಆಯಿ ತನ್ನ ಮನೆಯ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಕಟ್ಟೆಗೆ ಇನ್ನೂ ನಾಲ್ಕೈದು ಹೆಂಗಸರು. ‘ಏನಂದ್ರವಾ ಡಾಕ್ಟರು? ಇಳೀತೈತಿ ಅಂದ್ರೇನು?’ ಎಂದು ಎದ್ದು ಬಂದಳು. ಆ ಮಾತೇ ಬರಬೇಕೇ ಆಕೆಯ ಬಾಯಲ್ಲಿ? ನನಗೆ ಹದಿನಾರು ವರ್ಷ. ಮೈಯೆಲ್ಲ ಉರಿದುಹೋಯಿತು.

‘ನಿಮ್ಮ ಬಟ್ಟ ನಮ್ಮ ಸುನಂದಾನ ಎದಿ ತಿಂತ್ರಿ, ಆಯೀರ’ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ‘ನಿಮ್ಮ ಮಗನ್ನೂ ಹಿಂಗ ಎತ್ತೆತ್ತೇ ಕೊಂದ್ರೇನ್ರಿ?’

ಮಗ ಸತ್ತ ಮೇಲೆ ಆಕೆ ಇದನ್ನು ಕಲಿತದ್ದೆಂದು ಆ ಕಟ್ಟೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಅಂದೆ. ಎಲ್ಲಿ ಹೊಡೆದರೆ ನೋಯುತ್ತದೆಂದು ಆಕೆಯೇ ನನಗೆ ತೋರಿಸಿಕೊಟ್ಟಿದ್ದಳು, ನಾನು ಅಲ್ಲೇ ಹೊಡೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಒಡೆದರೆ ಚೂರುಗಳಾದರೂ ಕೈಗೆ ಸಿಗುತ್ತವೆ. ಅವ್ವ ನನ್ನ ಕಪಾಳಕ್ಕೆ ಬಾರಿಸಿದಳು. ಆಯಿ ತನ್ನ ಹೆಬ್ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡಳು, ಸೆರಗಿನೊಳಗೆ ಮುಚ್ಚಿಕೊಂಡಳು, ಒಳಗೆ ಹೋದಳು.

ಆವತ್ತಿನಿಂದ ಆಕೆ ಯಾರ ಗಂಟಲನ್ನೂ ಎತ್ತಲಿಲ್ಲ. ಶಿರಗುಪ್ಪಿಯಿಂದ ಮಗುವನ್ನು ಹೊತ್ತು ಬಂದವರನ್ನೂ ಹೊಸ್ತಿಲಲ್ಲೇ ತಡೆದು, ‘ನನ್ನ ಬಟ್ಟಿಗಿ ಕಣ್ಣಿಲ್ಲವಾ, ಡಾಕ್ಟರ್ ಕಡೆ ಹೋಗ್ರಿ. ಗುಳಿಗಿ ಕೊಟ್ರ ಪೂರಾ ತಿನಸ್ರಿ, ಅರ್ಧಕ್ಕ ಬಿಡಬ್ಯಾಡ್ರಿ’ ಎಂದು ಕಳಿಸುತ್ತಿದ್ದಳು. ಕೆಲವರು ಆಯಿಗೆ ಸೊಕ್ಕು ಬಂದಿದೆ ಎಂದರು.

ನಾನು ಹಾಗೆ ಅಂದ ಮೂರನೆಯ ದಿನ ಆಕೆ ನಮ್ಮ ಓಣಿಗೆ ಬಂದಳು. ಅಲ್ಲಿಯವರೆಗೆ ಆ ಮನೆಯ ಹೆಂಗಸು ಯಾರೂ ನಮ್ಮ ಓಣಿಗೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಅಂಗಳದಲ್ಲಿ ನಿಂತು, ‘ಕುಡ್ಯಾಕ ನೀರ ಕೊಡವಾ’ ಎಂದಳು. ಅವ್ವ ತಂಬಿಗೆ ಕೊಟ್ಟಳು. ಎತ್ತಿ ಕುಡಿದು, ಬಾಯಿ ಒರೆಸಿಕೊಂಡು ಕೇಳಿದಳು:

‘ಎಷ್ಟ ದಿನಕ್ಕೊಮ್ಮಿ ಸೂಜಿ?’

‘ಇಪ್ಪತ್ತೊಂದ ದಿನಕ್ಕರಿ.’

‘ನೀ ಕೆಲಸ ಬಿಟ್ಟ ಹೋಗೂದ ಆಗೂದಿಲ್ಲ. ನಾ ಕರ್ಕೊಂಡ ಹೊಕ್ಕೀನಿ.’

ನನ್ನ ಕಡೆ ನೋಡಲಿಲ್ಲ. ನಾನೂ ಒಳಗಿನಿಂದ ಹೊರಗೆ ಬರಲಿಲ್ಲ.

ಆಯಿಗೆ ಓದು ಬರಹ ಬರದು. ಇಪ್ಪತ್ತರ ಮೇಲೆ ಎಣಿಕೆ ತಪ್ಪುತ್ತಿತ್ತು. ಹಾಗಾಗಿ ತನ್ನ ಕೋಣೆಯಲ್ಲಿ, ಬಾಗಿಲ ಹಿಂದಿನ ಗೋಡೆಗೆ, ದಿನಕ್ಕೊಂದರಂತೆ ಅರಿಷಿಣದಲ್ಲಿ ಹೆಬ್ಬೆಟ್ಟು ಒತ್ತತೊಡಗಿದಳು. ಗಂಟಲು ಬಿಟ್ಟ ಬೆರಳು ಗೋಡೆ ಹಿಡಿಯಿತು. ಒಂದು ಸಾಲಿಗೆ ಇಪ್ಪತ್ತು ದೊಡ್ಡ ಗುರುತು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಆಯಿಯೇ ಕೈಹಿಡಿದು ಹೊಸ್ತಿಲು ದಾಟಿಸಿದ ಸುನಂದಾ ತನ್ನ ಸಣ್ಣ ಹೆಬ್ಬೆಟ್ಟು ಒತ್ತಿದರೆ ಸಾಲು ಮುಗಿಯಿತು. ಆಮೇಲೆ ಇಬ್ಬರೂ ಕೊಡೆ ಹಿಡಿದು ಬಜಾರದ ನಡುವೆಯೇ ಸರಕಾರಿ ದವಾಖಾನೆಗೆ ಹೊರಡುವರು. ಇದನ್ನೆಲ್ಲ ತಂಗಿ ಬಂದು ನನಗೆ ಹೇಳುತ್ತಿದ್ದಳು. ನಾನು ಆ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದೆ.

ಆ ಸೂಜಿ ಬಹಳ ನೋಯುತ್ತದೆ. ತಂಗಿ ಎರಡು ದಿನ ಕುಂಟುತ್ತಿದ್ದಳು. ಆದರೂ ಹೋಗುವ ದಿನ ಬಂದರೆ ಅವಳಿಗೇ ಉತ್ಸಾಹ. ಸೂಜಿ ಚುಚ್ಚುವಾಗ ಆಯಿ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಾಳೆಂದು ಆಡಿಕೊಂಡು ನಗುತ್ತಿದ್ದಳು. ‘ಅಕ್ಕಾ, ಆಯೀರು ಇವತ್ತ ನನಗ ಎಂಟ ಮಣೂಕ ಕೊಟ್ರು. ನಾಕ ನನಗ, ನಾಕ ನಿನಗ’ ಎಂದು ಬೆವೆತ ಅಂಗೈ ಬಿಚ್ಚಿ ಒಣದ್ರಾಕ್ಷಿ ತೋರಿಸುತ್ತಿದ್ದಳು. ನಾನು ತಿನ್ನುತ್ತಿರಲಿಲ್ಲ. ಅವಳೇ ಎಂಟನ್ನೂ ತಿನ್ನುತ್ತಿದ್ದಳು.

ದಸರೆಗೆ ಮನೆಯೆಲ್ಲ ಸುಣ್ಣ ಬಳಿಯುವಾಗ ಆಯಿ ಆ ಒಂದು ಗೋಡೆ ಮುಟ್ಟಗೊಡಲಿಲ್ಲವಂತೆ. ಆ ನಾಲ್ಕು ವರ್ಷವೂ ಅದು ಬಳಿಯದೆಯೇ ಉಳಿಯಿತು. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ಊರಲ್ಲಿ ಮಳೆ ಇದ್ದರೂ, ಮದುವೆ ಇದ್ದರೂ, ಆಕೆಯ ಸ್ವಂತ ಮೈಯಲ್ಲಿ ಜ್ವರ ಇದ್ದರೂ ತಪ್ಪಲಿಲ್ಲ. ತಪ್ಪಿದ್ದರೆ ನಾವು ಅದರ ಮೇಲೆ ಹಾಕಿ ಅಳಬಹುದಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಉಳಿಯಲಿಲ್ಲ. ಕೆಡಬೇಕಾದದ್ದು ಅದಕ್ಕೂ ಮೊದಲೇ, ‘ಇಳೀತ್ರಿ ಆಯೀರ’ ಎಂದು ನಾವು ಖುಷಿಪಡುತ್ತಿದ್ದ ದಿನಗಳಲ್ಲೇ, ಕೆಟ್ಟು ಮುಗಿದಿತ್ತು.

ಹದಿನಾರನೆಯ ವರ್ಷ, ಮಳೆಗಾಲದ ಒಂದು ಮಧ್ಯಾಹ್ನ ಸುನಂದಾಳಿಗೆ ಉಸಿರು ಹತ್ತಿಕೊಂಡಿತು. ಟೆಂಪೋದಲ್ಲಿ ಮಲಗಿಸಲು ಹೋದರೆ, ‘ಮಲಗಿಸಬ್ಯಾಡ್ರಿ, ಮುಳಗಾಕತ್ತೀನಿ’ ಎಂದಳು. ಕೂರಿಸಿಕೊಂಡು ಹೊರಟೆವು. ಮಿರಜದ ದಾರಿಯ ಕಾಗವಾಡ ಇನ್ನೂ ಬಂದಿರಲಿಲ್ಲ, ನನ್ನ ಹೆಗಲಿಗೆ ಒರಗಿದ್ದ ಅವಳ ಎದೆಯ ಆ ಓಟ ನಿಂತಿತು. ಡ್ರೈವರನಿಗೆ ಗಾಡಿ ತಿರುಗಿಸೆಂದು ಅಪ್ಪ ಹೇಳಿದ. ಅವ್ವ ಮಾತ್ರ, ‘ಮಿರಜ ಇನ್ನ ಮುಂದ ಐತಿ, ನಡೀರಿ, ನಡೀರಿ’ ಎನ್ನುತ್ತಲೇ ಇದ್ದಳು.

ಮಣ್ಣಿಗೆ ಒಯ್ಯುವಾಗ ಆಯಿ ನಮ್ಮ ಓಣಿಯ ಬಾಯಲ್ಲಿ ಒಬ್ಬಳೇ ನಿಂತಿದ್ದಳು. ಸೆರಗಿನೊಳಗೆ ಬಲಗೈ.

ತಂಗಿ ಹೋಗಿ ಹನ್ನೆರಡು ದಿನ ಕಳೆದಿದ್ದವು. ಬೆಳಿಗ್ಗೆ ನಾನು ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು, ದವಾಖಾನೆಗೆ ಹೋಗುವ ಅದೇ ಇಳಕಲ್ ಸೀರೆ ಉಟ್ಟು ಆಯಿ ಬಂದಳು. ಆಕೆಗೆ ಬುದ್ಧಿ ಭ್ರಮಣೆಯಾಯಿತೇ ಎಂದುಕೊಂಡೆ. ಆಗಿರಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತಳು.

‘ಇವತ್ತ ಇಪ್ಪತ್ತೊಂದ’ ಎಂದಳು.

‘ಹೌದ್ರಿ’ ಎಂದೆ. ನಾಲ್ಕು ವರ್ಷದ ಮೇಲೆ ನಾನು ಆಕೆಯೊಡನೆ ಆಡಿದ ಮೊದಲ ಮಾತು.

ಸೆರಗಿನ ಗಂಟು ಬಿಚ್ಚಿ ನಾಲ್ಕು ಒಣದ್ರಾಕ್ಷಿಯನ್ನು ನನ್ನ ಅಂಗೈಗೆ ಹಾಕಿದಳು. ‘ಮನೀತನಕ ಬರ್ತಿಯೇನವಾ? ಒಂದ ಗಳಿಗಿ’ ಎಂದಳು. ಆವತ್ತು ಕ್ಷಮೆ ಕೇಳಬಹುದಿತ್ತು. ‘ಕೆಲಸ ಐತ್ರಿ’ ಎಂದೆ. ಮೊರದಲ್ಲಿದ್ದ ಜೋಳ ತೋರಿಸಿದೆ. ಆಕೆ ತಲೆಯಾಡಿಸಿ, ಕೊಡೆ ಊರಿಕೊಂಡು ಎದ್ದು ಹೋದಳು. ಯಾಕೆ ಕರೆದಳೆಂದು ನಾನು ಕೇಳಲಿಲ್ಲ.

ಆಮೇಲೆ ನಾನು ಶಿಕ್ಷಕಿಯಾಗಿ ಚಿಕ್ಕೋಡಿಗೆ ಹೋದೆ. ತರಗತಿಯಲ್ಲಿ ಯಾವ ಮಗು ಗಂಟಲು ನೋವೆಂದರೂ ಆ ದಿನವೇ ತಂದೆತಾಯಿಯನ್ನು ಕರೆಸುತ್ತೇನೆ, ಡಾಕ್ಟರ ಚೀಟಿ ನೋಡದೆ ಬಿಡುವುದಿಲ್ಲ, ಗುಳಿಗೆ ಪೂರಾ ಮುಗಿಯಿತೇ ಎಂದು ಕೇಳದೆ ಬಿಡುವುದಿಲ್ಲ. ‘ಅರ್ಧಕ್ಕ ಬಿಡಬ್ಯಾಡ್ರಿ’ ಎಂದು ಹೇಳುವಾಗ ನನ್ನ ಬಾಯಿಂದ ಬರುವುದು ಆಕೆಯ ದನಿ. ಸಹೋದ್ಯೋಗಿಗಳು ನನಗೆ ‘ಗಂಟಲದ ಅಕ್ಕೋರು’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಯಾರದೆಂದು ಅವರಿಗೆ ಗೊತ್ತಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಆಯಿ ತೀರಿಕೊಂಡಳು. ಸುದ್ದಿ ನನಗೆ ತಲುಪಿದ್ದು ವಾರದ ಮೇಲೆ. ಹೋದಾಗ ಸೊಸೆ ಮನೆಗೆ ಸುಣ್ಣ ಬಳಿಯುತ್ತಿದ್ದಳು. ನನ್ನನ್ನು ಕಂಡು, ‘ಒಳಗ ಬರ್ರಿ ಅಕ್ಕೋರ’ ಎಂದಳು. ಆ ಮನೆಯ ಹೊಸ್ತಿಲು ದಾಟಿ ನಾನು ಒಳಗೆ ಹೋದದ್ದು ಅದೇ ಮೊದಲು. ಆಯಿಯ ಕೋಣೆಯ ಬಾಗಿಲು ಸರಿಸಿ ಗೋಡೆ ತೋರಿಸಿದಳು.

‘ಇದೊಂದ ಉಳದೈತಿ ನೋಡ್ರಿ. ಬದಕಿರೂತನಕ ಯಾರ್ನೂ ಮುಟ್ಟಾಕ ಬಿಡ್ಲಿಲ್ಲ. ಸುಣ್ಣ ಹಚ್ಚಿದ್ರ ಎಲ್ಲಾ ಕೆಂಪ ಆಗಾಕತ್ತೈತ್ರಿ.’

ಮೇಲಿನ ಅರ್ಧಕ್ಕೆ ಆಗಲೇ ಒಂದು ಕೈ ಬಳಿದಿದ್ದರು. ಹಸಿ ಸುಣ್ಣದೊಳಗಿಂದ ಅರಿಷಿಣದ ಹೆಬ್ಬೆಟ್ಟುಗಳು ಕೆಂಪಗೆ ಎದ್ದು ಬಂದಿದ್ದವು, ಚಿಕ್ಕಂದಿನಲ್ಲಿ ನಮ್ಮ ಕುತ್ತಿಗೆಯ ಮೇಲೆ ಬರುತ್ತಿದ್ದ ಅದೇ ಕೆಂಪು. ಕೆಳಗಿನ ಸಾಲುಗಳು ಇನ್ನೂ ಹಳದಿ. ಕೂತು ಎಣಿಸಿದೆ. ಪ್ರತಿ ಸಾಲಿನಲ್ಲೂ ಇಪ್ಪತ್ತು ದೊಡ್ಡವು, ಕೊನೆಗೊಂದು ಸಣ್ಣದು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ತಂಗಿ ಸತ್ತ ದಿನದ ಗುರುತು ಒಂಬತ್ತನೆಯದು, ಅದನ್ನೂ ದಾಟಿ, ಹತ್ತು, ಹನ್ನೊಂದು, ಹನ್ನೆರಡು ಎಂದು ಇಪ್ಪತ್ತರವರೆಗೂ ಆಯಿ ಒತ್ತಿದ್ದಳು. ಇಪ್ಪತ್ತೊಂದರ ಜಾಗ ಖಾಲಿ ಇತ್ತು. ಅದನ್ನು ಒತ್ತಲಿಕ್ಕೆಂದು ಆಕೆ ಆವತ್ತು ನನ್ನನ್ನು ಕರೆಯಲು ಬಂದಿದ್ದಳು.

ಹಿಂದೆ ಸೊಸೆ ಸುಣ್ಣದ ಬಕೀಟು ಹಿಡಿದು ಕಾಯುತ್ತಿದ್ದಳು.

‘ಬಳೀಲೇನ್ರಿ ಅಕ್ಕೋರ?’ ಎಂದಳು.

ಬಳಿಯಿರಿ ಎಂದೆ. ಸೊಸೆ ಬಳಿದಳು. ಕೊನೆಯ ಸಾಲಿನ ಇಪ್ಪತ್ತೂ ನೋಡುತ್ತಿದ್ದಂತೆ ಕೆಂಪಗಾದವು. ನನಗೆಂದು ಬಿಟ್ಟಿದ್ದ ಜಾಗ ಮಾತ್ರ ಬೆಳ್ಳಗೆ ಒಣಗಿತು.